ಕೂಲರ್ ಗಾಳಿಯಲ್ಲಿ ಕಟ್ಟಿದ ರೆಕ್ಕೆ

ಎಡಗಡೆಯ ರೆಕ್ಕೆ ಒಂಚೂರು ಇಳಿಯಿತೇ, ಇಲ್ಲ, ಗಾಳಿಯಿರಬೇಕು, ಮೇ ತಿಂಗಳಲ್ಲಿ ಬೆಳಗಿನ ಎಂಟಕ್ಕೇ ನೆಲ ಕಾದು ಗಾಳಿ ಮೇಲೇಳುತ್ತದೆ, ಎತ್ತುತ್ತದೆ, ಕೈಬಿಡುತ್ತದೆ — ಬಸವಂತ ಕೈಯಲ್ಲಿನ ರೇಡಿಯೋ ಪೆಟ್ಟಿಗೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಬಲಕ್ಕೆ ಒತ್ತಿದ, ವಿಮಾನ ನೆಟ್ಟಗಾಯಿತು, ಬೆರಳು ಸಡಿಲಿಸಿದ, ಮತ್ತೆ ಎಡಕ್ಕೇ ವಾಲಿತು, ಅಂದರೆ ಗಾಳಿಯಲ್ಲ, ಗಾಳಿಗೆ ಇಷ್ಟು ಹಟ ಇರುವುದಿಲ್ಲ, ಎಡಕ್ಕೆ ತಳ್ಳಿದ್ದು ಒಮ್ಮೆಯಾದರೂ ಬಲಕ್ಕೆ ತಳ್ಳುತ್ತದೆ. ಒತ್ತಿ ಹಿಡಿ, ಒತ್ತಿಯೇ ಹಿಡಿ. ಮನೀಶ್ ನಗರದ ಆಚೆಯ ಈ ಬಯಲಿನಲ್ಲಿ ಒಂದು ಮನೆಯಿಲ್ಲ, ತಂತಿಯಿಲ್ಲ, ಹಾರಿಸುವವನಿಗೆ ಇನ್ನೇನು ಬೇಕು, ಆ ಕಡೆ ಕಾಶೀನಾಥ ಎರಡೂ ಕೈ ಎತ್ತಿ ಬೀಸುತ್ತಿದ್ದಾನೆ, ಫ್ಯಾಕ್ಟರಿಯಲ್ಲಿ ಪಕ್ಕದ ಲೇತಿನವನು, ಇಪ್ಪತ್ತು ವರ್ಷದಿಂದ ನಾಲ್ಕು ಹೆಜ್ಜೆ ಓಡಿ ವಿಮಾನವನ್ನು ಕೈಯಿಂದ ಗಾಳಿಗೆ ಬಿಡುವವನು ಅವನೇ, ಏಕದಮ್ ಝಕಾಸ್ ಬಸವಂತಭಾವೂ, ಎಂದು ಮರಾಠಿಯಲ್ಲಿ ಹೊಗಳುತ್ತಿದ್ದಾನೆ, ಅವನಿಗೆ ಗೊತ್ತಾಗಿಲ್ಲ, ಹೆಬ್ಬೆರಳಿಗೆ ಮಾತ್ರ ಗೊತ್ತು. ಹಿಂದೆ ಬೇವಿನ ಮರದ ನೆರಳಿನ ಅಂಚಿಗೆ, ಆಕಾಶ ಅಡ್ಡಿಯಿಲ್ಲದೆ ಕಾಣಲೆಂದು, ನೈಲಾನ್ ಪಟ್ಟಿಯ ಮಡಿಸುವ ಕುರ್ಚಿಯನ್ನು ಬಸವಂತನೇ ಹಾಕಿದ್ದಾನೆ, ಕುರ್ಚಿಯಲ್ಲಿ ಕಲಾವತಿ, ಬಸವಂತನ ಹೆಂಡತಿ, ಪಾದ ಬಾತು ಚಪ್ಪಲಿ ಹಿಡಿಸದೆ ಬರಿಗಾಲಲ್ಲೇ ಬಂದಿದ್ದಾಳೆ, ಮನೆಯಿರುವ ಲಕ್ಷ್ಮೀ ನಗರದಿಂದ ಇಲ್ಲಿಯವರೆಗೆ ಆಟೋ ಎಲ್ಲಿ ಕುಲುಕಿದರೂ ತುಟಿ ಕಚ್ಚಿಕೊಂಡಳೇ ಹೊರತು ಹಾ ಅನ್ನಲಿಲ್ಲ. ಟ್ಯಾಂಕಿನಲ್ಲಿ ಆರು ನಿಮಿಷದ ಎಣ್ಣೆ, ಒಂದೂವರೆ ನಿಮಿಷ ಆಗಿಹೋಯಿತು.

ರೆಕ್ಕೆ ತಿರುಚಿಕೊಂಡಿದೆ. ಹೇಳಿಬಿಡು ಮಾರಾಯ, ಯಾರೂ ಕೇಳುವುದಿಲ್ಲ, ಎಡ ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು ಮೇಲಕ್ಕೆ ಸೊಟ್ಟಗಾಗಿದೆ, ಮನೆಯಲ್ಲಿ ಆಗಿರಲಿಲ್ಲ, ರಾತ್ರಿ ಬಾಗಿಲ ಚೌಕಟ್ಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಾಗ ಗೆರೆ ಎಳೆದ ಹಾಗೆ ನೆಟ್ಟಗಿತ್ತು, ಆಗಿದ್ದು ಇಲ್ಲಿ, ಈ ಬಿಸಿಲಿಗೆ ಬಂದ ಮೇಲೆ, ಕೂಲರಿನ ಮುಂದೆ ಕೂತು ಕಟ್ಟಿದ್ದರಿಂದ. ಕೂಲರಿನ ಗಾಳಿಗೆ ಕಾಗದ ಅಂಟಿಸಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ಇವನೇ, ವಾಯುಪಡೆಯ ಬೋಪಣ್ಣನಿಗೂ ಹೇಳಿದ್ದ, ವರ್ಗವಾಗಿ ಹೋಗುವಾಗ ಈ ರೇಡಿಯೋ ಪೆಟ್ಟಿಗೆಯನ್ನು ಕೈಗಿಟ್ಟು ಹೋದ ಆ ಬೋಪಣ್ಣ ನಕ್ಕಿದ್ದ, ಏನ್ರೀ ಮಡಿ ಮೈಲಿಗೆ ಥರ ಮಾತಾಡ್ತೀರಲ್ಲ ಅಂತ — ಮಡಿಯಲ್ಲ ಸ್ವಾಮಿ, ಬಾಲ್ಸಾ ಮರದ ಕಡ್ಡಿ ಬೆಂಕಿಪೆಟ್ಟಿಗೆಯಷ್ಟೂ ತೂಗುವುದಿಲ್ಲ, ಅದರ ಮೇಲೆ ಮಹಾಲ್ ಪೇಟೆಯ ಗಾಳಿಪಟದ ಅಂಗಡಿಯ ತೆಳು ಕಾಗದ, ನೀರು ಚಿಮುಕಿಸಿದರೆ ಒಣಗುತ್ತ ಬಿಗಿಯುತ್ತದೆ, ಮೇಲೆ ಡೋಪು ಎಂಬ ಮೆರುಗೆಣ್ಣೆ ಬಳಿದರೆ ಇನ್ನೂ ಬಿಗಿಯುತ್ತದೆ, ಬಿಗಿಯುವುದೆಲ್ಲ ಹಲಗೆಗೆ ಗುಂಡುಸೂಜಿ ಚುಚ್ಚಿಟ್ಟಾಗಲೇ ಮುಗಿದುಬಿಡಬೇಕು, ಒಣ ಸೆಕೆಯಲ್ಲಿ ಮುಗಿಯಬೇಕು, ಇಲ್ಲವಾದರೆ ಉಳಿದ ಬಿಗಿತ ಆಮೇಲೆ ಬಿಸಿಲಿನಲ್ಲಿ ಬಂದು ಕಡ್ಡಿಗಳನ್ನೇ ತಿರುಚಿ ಎಳೆಯುತ್ತದೆ. ಇಷ್ಟು ವರ್ಷ ಮೆಟ್ಟಿಲ ಮೇಲಿನ ತಗಡಿನ ಕೋಣೆಯಲ್ಲಿ ಬೆವರು ಸುರಿಸಿ ಕಟ್ಟಿದವನು ಈ ಸಲ ಅಲ್ಲಿಗೆ ಹೋಗಲಿಲ್ಲ, ಹೇಗೆ ಹೋಗುತ್ತಾನೆ, ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳೆದು ಹೇಳಿದ್ದಾರೆ, ಗಂಟಲು ಒಣಗಿದಾಗ ಒದ್ದೆ ಬಟ್ಟೆ ತುಟಿಗೆ ಮುಟ್ಟಿಸಬೇಕು, ಕೂಲರಿಲ್ಲದೆ ಅವಳಿಗೆ ಉಸಿರು ಕಟ್ಟುತ್ತದೆ, ಆದ್ದರಿಂದ ಮಂಚದ ಪಕ್ಕದಲ್ಲೇ ಹಲಗೆ, ಹಲಗೆಯ ಮೇಲೆ ರೆಕ್ಕೆ, ಲಾವಂಚದ ಪರದೆ ಹಾದು ಬರುವ ತಣ್ಣನೆಯ ಒದ್ದೆ ಗಾಳಿ ಅವಳ ಮೇಲೂ ರೆಕ್ಕೆಯ ಮೇಲೂ. ಗೊತ್ತಿದ್ದೂ ಮಾಡಿದೆ. ಎರಡು ದಿನ ಹೆಚ್ಚು ಒಣಗಲು ಬಿಟ್ಟರಾಯಿತು ಎಂದು ನಿನಗೆ ನೀನೇ ಹೇಳಿಕೊಂಡೆ, ಆ ಎರಡು ದಿನವೂ ಕೂಲರ್ ನಿಲ್ಲಲಿಲ್ಲ. ಬಯಲಿಗೆ ಬಂದ ಮೇಲೆ ಹಾರಿಸುವ ಮುಂಚೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡುತ್ತೀಯಲ್ಲ, ದೇವರಿಗೆ ಕೈ ಮುಗಿದ ಹಾಗೆ ತಪ್ಪದೆ, ಇವತ್ತು ಅದನ್ನೂ ನೋಡಲಿಲ್ಲ, ಅವಳು ಬಿಸಿಲಿಗೆ ಬಾಡುತ್ತಾಳೆ, ಜಲ್ದಿ ಕಾಶೀನಾಥ, ಜಲ್ದಿ ಬಿಡು ಅಂದೆ.

ಎತ್ತರಕ್ಕೆ ಹೋಗುವುದು ಬೇಡ, ಕಣ್ಣಿಗೆ ಸಿಗುವಷ್ಟರಲ್ಲೇ ಸುತ್ತಲಿ, ಅವಳು ನೋಡಬೇಕು, ಇದೆಲ್ಲ ಅವಳು ನೋಡಲೆಂದೇ. ಎರಡೂ ಕಿಡ್ನಿ ಹೋಗಿವೆ, ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷದಲ್ಲಿ ಒಳಗೊಳಗೇ ತಿಂದು ಮುಗಿಸಿದೆ, ದೊಡ್ಡ ಡಾಕ್ಟರು ಕಾಗದ ಮಡಚಿ ಕೊಟ್ಟು, ಘರ್ ಲೇ ಜಾಯಿಯೇ, ಜೋ ಮಾಂಗೇ ಖಿಲಾಯಿಯೇ, ಅಂದರು, ಮನೆಗೆ ಕರೆದೊಯ್ದು ಕೇಳಿದ್ದನ್ನು ತಿನ್ನಿಸಿ ಎಂದರೆ ಅರ್ಥವೇನೆಂದು ವರಾಂಡದಲ್ಲಿ ನಿಂತ ಆಳಿಗೂ ಗೊತ್ತಾಗುತ್ತದೆ. ಏನು ಬೇಕು ಕಲಾ, ಮಾವಿನಹಣ್ಣು ತರಲೇನು, ಹೋಳಿಗೆ ಮಾಡಿಸಲೇನು. ಅವಳು ತಲೆ ಅಲ್ಲಾಡಿಸಿ, ಒಂದ್ಸಲ ನಂಗೂ ತೋರಸ್ರಿ, ಅಂದಳು, ನಿಮ್ಮ ಇಮಾನ ಹಾರೂದು, ಮನಿ ತುಂಬ ಅದರ ಹುಡಿ ಕಸಬರಗಿಲೆ ಹೊಡದ ಹೊಡದ ಕೈ ಸೋತು, ಹಾರೂದು ಮಾತ್ರ ಒಂದಿನಾನೂ ನೋಡ್ಲಿಲ್ಲ ನೋಡ್ರಿ. ನಗುತ್ತಲೇ ಅಂದಳು. ಬೈದು ಅಂದಿದ್ದರೆ ಚೆನ್ನಾಗಿತ್ತು. ಇಪ್ಪತ್ತೊಂದು ವರ್ಷದ ಭಾನುವಾರಗಳು, ಬೆಳಗಿನ ಐದಕ್ಕೆ ಎದ್ದು ಸೈಕಲ್ಲಿಗೆ ರೆಕ್ಕೆ ಕಟ್ಟಿಕೊಂಡು ಹೊರಡುವಾಗ ಬಾಗಿಲಿಗೆ ಬಂದು ಟಿಫಿನ್ ಡಬ್ಬಿ ಕೊಟ್ಟಳು, ಬರುತ್ತೀಯೇನು ಎಂದು ಒಂದು ಭಾನುವಾರ, ಒಂದೇ ಒಂದು ಭಾನುವಾರ ಬಾಯಿಬಿಟ್ಟು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಹೆಂಗಸರಿಗೆ ಅಲ್ಲೇನು ಕೆಲಸ ಅಂದುಕೊಂಡೆಯೋ, ಅಥವಾ ಅಷ್ಟೂ ಅಂದುಕೊಳ್ಳಲಿಲ್ಲವೋ, ನಾಚಿಕೆಯಾಗಬೇಕು. ಹಳೆಯ ವಿಮಾನ ಪುಡಿಯಾಗಿತ್ತು, ಇಪ್ಪತ್ತು ದಿನದಲ್ಲಿ ಹೊಸದು ಕಟ್ಟಿದ, ಸೋಮವಾರ ಅವಳು ಎದ್ದು ಕೂರಲಾರದೆ ಹೋದಾಗ ಮುಗಿಯಿತು ಅಂದುಕೊಂಡ, ಮಂಗಳವಾರ ಎದ್ದಳು, ಗುರುವಾರ ಒಂದು ಮುಟಿಗೆ ಅನ್ನ ಉಂಡಳು, ಇನ್ನು ತಡಮಾಡಬಾರದು ಎಂದು ಇವತ್ತು ಕರೆತಂದ. ಈಗ ತರುತ್ತೇನೆ, ಅವಳ ಮುಂದೆಯೇ ತರುತ್ತೇನೆ, ಬಲಕ್ಕೆ ಒತ್ತಿ, ಮೂಗು ತುಸು ಇಳಿಸಿ, ಬಾ, ಬಾ ನನ್ನಪ್ಪ — ಹಳದಿ ರೆಕ್ಕೆ ಬಿಸಿಲಿಗೆ ಹೊಳೆಯುತ್ತ, ಒಳಗಿನ ಎಲುಬುಗಳೆಲ್ಲ ಕಾಣುತ್ತ, ಬೇವಿನ ತುದಿ ದಾಟಿ ಹೋಯಿತು, ಎಣ್ಣೆಯಲ್ಲಿನ ಈಥರಿನ ವಾಸನೆ ತಲೆಯ ಮೇಲೆ ಹಾದುಹೋಯಿತು. ಕಾಣತೈತೇನ ಕಲಾ, ಅವನು ವಿಮಾನದಿಂದ ಕಣ್ಣು ತೆಗೆಯದೆಯೇ ಕೂಗಿದ. ಕಾಣತೈತ್ರಿ, ಭಾಳ ಚಂದ ಐತಿ. ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಎಷ್ಟು ವರ್ಷವಾಯಿತು, ಅವನ ಎದೆ ತುಂಬಿ ಬಂತು, ಸಾಕು, ರೆಕ್ಕೆ ಸೊಟ್ಟಗಾದರೆ ಆಗಲಿ, ನೋಡಿದಳಲ್ಲ, ಇದೊಂದಾದರೂ ದಕ್ಕಿತಲ್ಲ.

ಇಳಿಸುವುದು ಹೇಗೆ, ಅದು ಬೇರೆ ಮಾತು. ಎಂಜಿನ್ ಓಡುವಷ್ಟು ಹೊತ್ತು ಅದರ ಗಾಳಿ ಹಿಂದಿನ ಚುಕ್ಕಾಣಿಗೆ ತಾಗುತ್ತದೆ, ಬಲಕ್ಕೆ ಒತ್ತಿದ್ದು ನಡೆಯುತ್ತದೆ, ನಿಂತ ಮೇಲೆ ಹೆಬ್ಬೆರಳು ಎಷ್ಟು ಒತ್ತಿದರೂ ಅಷ್ಟೇ, ಐದು ನಿಮಿಷ, ಐದೂಕಾಲು, ಇನ್ನೊಂದು ಸುತ್ತು ಅವಳ ಮುಂದೆ ತರಲೇ, ತರುತ್ತೇನೆ, ಎಂಜಿನ್ ಕೆಮ್ಮಿತು, ಹಿಡಿಯಿತು, ಕೆಮ್ಮಿತು, ನಿಂತಿತು. ಬಯಲಿಗೆ ಬಯಲೇ ಸುಮ್ಮನಾಯಿತು. ಬಲಕ್ಕೆ, ಬಲಕ್ಕೆ, ಪೂರ್ತಿ ಬಲಕ್ಕೆ — ಎಡ ರೆಕ್ಕೆ ಸಾವಕಾಶವಾಗಿ, ಅವಸರವೇ ಇಲ್ಲದೆ ಕೆಳಗಿಳಿಯಿತು, ಮೂಗು ಅದರ ಹಿಂದೆ ಹೋಯಿತು, ಒಂದು ಸುತ್ತು, ಎರಡು ಸುತ್ತು, ಎಡಗಡೆಯ ಜಾಲಿ ಗಿಡಗಳ ಆಚೆ ಕಡ್ಡಿಗಳು ಮುರಿದ ಸಣ್ಣ ಸದ್ದು. ಕಾಶೀನಾಥ ಓಡಿದ. ಬಸವಂತ ಪೆಟ್ಟಿಗೆ ಹಿಡಿದುಕೊಂಡೇ ನಿಂತ, ತಿರುಗಿ ನೋಡುವುದಕ್ಕೆ ಹೆದರಿಕೆ, ಇಪ್ಪತ್ತೊಂದು ವರ್ಷಕ್ಕೆ ಒಂದು ಸಲ ತೋರಿಸಿದ್ದು, ಅದೂ ಅವಳ ಕಣ್ಣೆದುರಿಗೇ ಬಿತ್ತು, ಏನು ಹೇಳಲಿ, ಹೀಗೆ ಬೀಳುವುದುಂಟು ಅನ್ನಲೇ, ಮತ್ತೊಂದು ಕಟ್ಟುತ್ತೇನೆ ಅನ್ನಲೇ, ಯಾರಿಗೆ ಕಟ್ಟುತ್ತೀ. ತಿರುಗಿದ. ಕಲಾವತಿ ಜಾಲಿಯ ಕಡೆ ನೋಡುತ್ತಿರಲಿಲ್ಲ. ಮುಖವನ್ನು ಮೇಲಕ್ಕೆತ್ತಿದ್ದಳು, ಬಲಗಡೆಗೆ, ಎಂಜಿನ್ ನಿಂತ ಜಾಗಕ್ಕೆ, ಅಲ್ಲಿ ಆಕಾಶವಲ್ಲದೆ ಏನೂ ಇರಲಿಲ್ಲ, ಬಿಸಿಲು ನೇರ ಕಣ್ಣಿಗೇ ಬೀಳುತ್ತಿತ್ತು, ರೆಪ್ಪೆ ಬಡಿಯಲಿಲ್ಲ, ಬಾಯಿ ತುಸು ತೆರೆದು ನಗುತ್ತಿತ್ತು.

ಎಷ್ಟ ಮ್ಯಾಲೆ ಹೋತ್ರೀ ಅದು, ಅಂದಳು, ಸಪ್ಪಳಾನೂ ಕೇಳವಲ್ದು. ಯಾವಾಗಿನಿಂದ ಕಲಾ. ಕೇಳಲಿಲ್ಲ, ಯಾವಾಗಿನಿಂದ, ಕಪ್ಪಿನೊಳಗೆ ಬೆರಳದ್ದಿ ಚಹಾ ಎಷ್ಟಿದೆ ಎಂದು ನೋಡುತ್ತಿದ್ದೆಯಲ್ಲ, ಬಿಸಿ ನೋಡುತ್ತಿದ್ದೀಯ ಅಂದುಕೊಂಡೆ, ಕೆಂಪು ಕಾಗದ ತರಲೋ ಹಳದಿ ತರಲೋ ಅಂದಾಗ ನಿಮಗ ಯಾವುದು ಚಲೋ ಅನಸ್ತೈತೋ ಅಂದೆ, ರೆಕ್ಕೆಯ ಮೇಲೆ ಬೆರಳಾಡಿಸಿದಾಗ ನನ್ನ ಕೆಲಸ ಮೆಚ್ಚುತ್ತಿದ್ದೀಯ ಅಂದುಕೊಂಡು ಬೀಗಿದೆ, ಮೂಢ, ಒಂದು ಮೊಳ ದೂರದಲ್ಲಿ ಇಪ್ಪತ್ತು ದಿನ ಕೂತು ಕಾಗದದ ಒಂದೊಂದು ಸುಕ್ಕು ನೋಡಿದವನು ಹೆಂಡತಿಯ ಕಣ್ಣು ನೋಡಲಿಲ್ಲ. ಕಾಶೀನಾಥ ಮುರಿದ ರೆಕ್ಕೆಯನ್ನು ಎರಡು ಕೈಯಲ್ಲಿ ಹಿಡಿದು ಬಂದು ಅವಳ ಮುಂದೆಯೇ ನಿಂತಿದ್ದಾನೆ, ಬಾಯಿ ತೆರೆದು ಏನೋ ಹೇಳಲು ಹೊರಟವನು ಅವಳ ಮುಖ ಕಂಡು ರೆಕ್ಕೆಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಇನ್ನೂ ಹಾರಾಕತ್ತೈತೇನ್ರಿ, ಅಂದಳು. ಹೂಂ, ಅಂದ ಬಸವಂತ. ಹೂಂ, ಇನ್ನೂ ಮ್ಯಾಲೆ ಐತಿ. ಅವಳು ಕುತ್ತಿಗೆಯನ್ನು ಇನ್ನಷ್ಟು ಎತ್ತಿದಳು, ಬಿಸಿಲಿಗೆ, ಬರಿದಾದ ಆಕಾಶಕ್ಕೆ, ಆ ಮುಖ, ಎತ್ತಿದ ಮುಖ, ರೆಪ್ಪೆ ಬಡಿಯದ ಮುಖ, ನಗುತ್ತ, ಇಲ್ಲದ್ದನ್ನು ನೋಡುತ್ತ, ಎತ್ತಿದ ಆ ಮುಖ —