ಮೂರನೆಯ ಅಧ್ಯಾಯದ ಓದುಗರು

‘ಇವತ್ತೂ ನಾಲ್ಕು ಗಂಟೆಗೆ ಒಂದು. ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ, ಇಲ್ಲವೇ ಇದನ್ನೆಲ್ಲ ಯಾಕೆ ಎಣಿಸುತ್ತಿದ್ದೀಯ ಎಂದು ಕೇಳುತ್ತಾರೆ. ನಕ್ಕರೆ ಪರವಾಗಿಲ್ಲ.’

ಇಷ್ಟು ಬರೆದು ಅವಳು ಡೈರಿಯನ್ನು ಡ್ರಾಯರಿಗೆ ಸೇರಿಸಿ, ಮತ್ತೊಮ್ಮೆ ಪರದೆ ನೋಡಿದಳು. ಐವತ್ಮೂರು.

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅವಳ ಕೆಲಸ. ಡಾಕ್ಟರೇಟ್ ಮುಗಿಸಿದವರು ತಂದುಕೊಡುವ ಪ್ರಬಂಧಗಳನ್ನು ಅಧ್ಯಾಯ ಅಧ್ಯಾಯವಾಗಿ ಬಿಡಿಸಿ ಜ್ಞಾನ ಭಂಡಾರ ಎಂಬ ಜಾಲತಾಣಕ್ಕೆ ಏರಿಸಬೇಕು. ಅಲ್ಲಿಗೆ ಹೋದ ಮೇಲೆ ಪಾಸ್‌ವರ್ಡ್ ಇಲ್ಲ, ಅರ್ಜಿ ಇಲ್ಲ, ಲೋಕದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಪ್ರತಿ ಅಧ್ಯಾಯದ ಕೆಳಗೂ ಎಷ್ಟು ಸಲ ತೆರೆದರು ಎಂಬ ಲೆಕ್ಕ ತಾನಾಗಿಯೇ ಬರುತ್ತದೆ. ಐದು ತಿಂಗಳ ಹಿಂದೆ ಅವಳು ತನ್ನ ಪ್ರಬಂಧವನ್ನೂ ತಾನೇ ಏರಿಸಿದ್ದಳು. ಆಸ್ಪತ್ರೆಗಳಲ್ಲಿ ರೋಗಿಗಳಿಗಾಗಿ ಕಾಯುವ ಜನರ ಬಗ್ಗೆ ಬರೆದದ್ದು. ಮೊದಲ ಅಧ್ಯಾಯವನ್ನು ನಾಲ್ಕು ಸಲ ತೆರೆದಿದ್ದರು, ಎರಡನೆಯದನ್ನು ಮೂರು ಸಲ. ಕೊನೆಯದನ್ನು ಎರಡು ಸಲ, ಅದರಲ್ಲಿ ಒಂದು ಸಲ ಅವಳೇ. ಮೂರನೆಯದು ಮಾತ್ರ ಹೆಚ್ಚುಕಡಿಮೆ ಎರಡು ತಿಂಗಳಿಂದ ಸಂಜೆ ನಾಲ್ಕಕ್ಕೆ ತಪ್ಪದೆ ಒಂದೊಂದಾಗಿ ಏರುತ್ತಿತ್ತು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಭಂಡಾರಿ ಎಂದೇ ಕರೆಯುತ್ತಿದ್ದರು. ಜ್ಞಾನ ಭಂಡಾರದ ಬೀಗದ ಕೈ ತಮ್ಮ ಸೊಂಟದಲ್ಲೇ ಇದೆ ಎಂಬ ಹಾಗೆ ಅವರು ಓಡಾಡುತ್ತಿದ್ದರು. ಈ ಲೆಕ್ಕ ಅವರ ಕಣ್ಣಿಗೂ ಬಿದ್ದಿತ್ತು.

“ಏನಮ್ಮಾ, ಮನೆಮನೆಗೆ ಹೋಗಿ ಬಾಗಿಲು ತಟ್ಟಿದ್ರೂ ಪ್ರಬಂಧ ಓದೋರು ಸಿಗಲ್ಲ. ನಿನಗೊಬ್ಬರು ಕಾಯಂ ಗಿರಾಕಿ ಸಿಕ್ಕಿದ್ದಾರಲ್ಲ!”

“ಯಂತ್ರ ಇರಬೇಕು ಸಾರ್. ಹುಡುಕಾಟದ ಯಂತ್ರಗಳು ಬಂದು ತೆರೀತಾವಲ್ಲ.”

“ಯಂತ್ರಕ್ಕೆ ಹೊತ್ತುಗೊತ್ತು ಇರಲ್ಲ ಕಣಮ್ಮಾ. ಇದು ಮಧ್ಯಾಹ್ನ ಒಂದು ನಿದ್ದೆ ತೆಗೆದು, ಟೀ ಕುಡಿದು, ಕನ್ನಡಕ ಒರೆಸಿಕೊಂಡು ಓದೋ ಜೀವ.”

ಅವಳು ನಗಲು ನೋಡಿದಳು. ಆಗಲಿಲ್ಲ.

ನಾಲ್ಕು ಗಂಟೆ ಅಕ್ಕನ ಹೊತ್ತು. ಸಂಶೋಧನಾ ಕೊಠಡಿಯಲ್ಲಿ ಅವರಿಬ್ಬರ ಮೇಜುಗಳ ನಡುವೆ ಒಂದು ಕಬ್ಬಿಣದ ಕಪಾಟು ಇತ್ತು. ಗಂಟೆ ನಾಲ್ಕಾದೊಡನೆ ಆ ಕಡೆಯಿಂದ ಪೆನ್ನಿನ ತುದಿಯಲ್ಲಿ ಕಪಾಟಿಗೆ ಎರಡು ಏಟು ಬೀಳುತ್ತಿದ್ದವು. “ಎದ್ದೇಳೇ ಗುಬ್ಬಿ, ಗಾಳಿ ಕುಡಿದು ಬರೋಣ.” ಅಕ್ಕ ಅವಳಿಗಿಂತ ಮೂರು ವರ್ಷ ಹಿರಿಯ ಸಂಶೋಧಕಿ; ಒಡಹುಟ್ಟಿದವಳಲ್ಲ, ಕರೆಯುವುದಷ್ಟೇ ಅಕ್ಕ ಎಂದು. ಯಾರ ಪಕ್ಕದಲ್ಲಿ ಹೋಗಿ ಕೂತರೂ ಐದು ನಿಮಿಷದಲ್ಲಿ ಅವರ ಮನೆಯ ಕಥೆಯೆಲ್ಲ ಹೊರಗೆ ಬರುತ್ತಿತ್ತು. ಎರಡು ವರ್ಷದ ಹಿಂದೆ, ರಜೆಗೆಂದು ಊರಿಗೆ ಹೋದವಳು ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ಕಾಯುವವರ ಪಕ್ಕ ಕೂತು ಅವಳು ಬರೆದುಕೊಂಡ ಟಿಪ್ಪಣಿಯ ಕಾರ್ಡುಗಳಿದ್ದ ರಟ್ಟಿನ ಪೆಟ್ಟಿಗೆಯನ್ನು ಗೈಡ್ ಮೇಡಂ ಇವಳ ಮೇಜಿನ ಮೇಲಿಟ್ಟು, “ಅವಳ ಕೆಲಸ ಮಣ್ಣಾಗೋದು ಬೇಡ. ಇದನ್ನ ನೋಡ್ಕೊಂಡು ನೀನು ಹೊಸದಾಗಿ ಮಾಡು” ಎಂದಿದ್ದರು.

ಹೊಸದಾಗಿ ಮಾಡಲೆಂದು ಇವಳು ಆಸ್ಪತ್ರೆಗೆ ಹೋದದ್ದು ನಿಜ. ಮೂರು ದಿನ ಗೇಟಿನ ಹತ್ತಿರ ನಿಂತಳು. ಒಳಗೆ ಹೋಗಿ, ಗಾಬರಿಯಲ್ಲಿ ಕೂತವರ ಪಕ್ಕ ಕೂತು, ನಿಮಗೆ ಏನನ್ನಿಸುತ್ತಿದೆ ಎಂದು ಕೇಳಬೇಕಿತ್ತು. ಕಾಲು ಗೇಟು ದಾಟಲಿಲ್ಲ. ಮೂರನೆಯ ದಿನ ಕಾವಲುಗಾರನೇ ಹತ್ತಿರ ಬಂದು, “ಯಾರನ್ನ ನೋಡಬೇಕಮ್ಮಾ?” ಎಂದ. ಯಾರನ್ನೂ ಇಲ್ಲ ಎಂದು ಹೇಳಿ ವಾಪಸಾದಳು. ಅದಾದ ಮೇಲೆ ಅಕ್ಕನ ಕಾರ್ಡುಗಳನ್ನೇ ಮೂರನೆಯ ಅಧ್ಯಾಯವಾಗಿ ಒಂದೊಂದಾಗಿ ಟೈಪು ಮಾಡತೊಡಗಿದಳು. ಸದ್ಯಕ್ಕೆ ಇರಲಿ, ಆಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದಳು. ಆ ಆಮೇಲೆ ಬರಲೇ ಇಲ್ಲ. ಅಕ್ಕ ‘ನಾನು’ ಎಂದು ಬರೆದ ಕಡೆಯೆಲ್ಲ ಅದು ‘ನಾನು’ ಆಗಿಯೇ ಉಳಿಯಿತು. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶ ಆ ಅಧ್ಯಾಯದಲ್ಲಿ ಸೊನ್ನೆ ತೋರಿಸಿತು. ಅಕ್ಕ ಒಂದು ಸಾಲನ್ನೂ ಎಲ್ಲಿಯೂ ಪ್ರಕಟಿಸಿರಲಿಲ್ಲ, ಹೋಲಿಸಿ ನೋಡಲು ಏನೂ ಇರಲಿಲ್ಲ. ಗೈಡ್ ಮೇಡಂ ನಿವೃತ್ತಿಯ ಗಡಿಬಿಡಿಯಲ್ಲಿ ಸಹಿ ಹಾಕಿದರು. ಕೃತಜ್ಞತೆಯ ಪುಟದಲ್ಲಿ ಅಕ್ಕನ ಹೆಸರು ಬರೆದಿದ್ದಳು. ಹೆಸರಿದ್ದರೆ ಪ್ರಶ್ನೆ ಬರುತ್ತದೆ ಎಂದು ಆಮೇಲೆ ಅಳಿಸಿದಳು.

ಅಚ್ಚಾದ ಪ್ರತಿ ಕಪಾಟಿನಲ್ಲಿದ್ದಷ್ಟು ದಿನ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಭಂಡಾರಕ್ಕೆ ಏರಿಸಿದ ಮೇಲೆ ಹೋಯಿತು. ಲೆಕ್ಕ ಏರುವುದನ್ನು ನೋಡುವಾಗ ಪರದೆಯ ಆ ಬದಿಯಲ್ಲಿ ಯಾರೋ ಪೆನ್ನು ಹಿಡಿದು ತನ್ನ ವಾಕ್ಯಗಳನ್ನು ತಾನೇ ಓದಿಕೊಳ್ಳುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು.

ಆ ತಿಂಗಳು ಬೇರೆ ವಿಭಾಗದ ಒಂದು ಪ್ರಬಂಧ ಕದ್ದದ್ದೆಂದು ಸಾಬೀತಾಯಿತು. ಭಂಡಾರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆಗೆದರು. ಕಡತಗಳು ಹೋದವು, ಪುಟ ಹೋಗಲಿಲ್ಲ. ಬರೆದವರ ಹೆಸರು, ಶೀರ್ಷಿಕೆ, ಕೆಳಗೆ ‘ಹಿಂತೆಗೆದುಕೊಳ್ಳಲಾಗಿದೆ’ ಎಂಬ ಒಂದು ಸಾಲು. ಆ ಸಾಲನ್ನು ಟೈಪು ಮಾಡಿದವಳು ಅವಳೇ.

“ನಮ್ಮ ಕಸುಬಲ್ಲಿ ಇದಕ್ಕೆ ಸಮಾಧಿ ಕಲ್ಲು ಅಂತಾರೆ,” ಎಂದರು ಭಂಡಾರಿ. “ಒಳಗೆ ಏನೂ ಇಲ್ಲ. ಹೆಸರು ಮಾತ್ರ ಇರುತ್ತೆ, ಭಂಡಾರ ಇರೋ ತನಕ. ಪದವಿ ಹೋಯ್ತು, ಕೆಲಸ ಹೋಯ್ತು. ಪಾಪ, ಚಿಕ್ಕ ವಯಸ್ಸು.”

ಇನ್ನೆರಡು ವಾರಕ್ಕೆ ಅವಳಿಗೆ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯ ಹುದ್ದೆಗೆ ಸಂದರ್ಶನವಿತ್ತು.

ಸೋಮವಾರ ನಾಲ್ಕಕ್ಕೆ ಲೆಕ್ಕ ಏರಲಿಲ್ಲ. ನಾಲ್ಕೂವರೆ, ಐದು ಆಯಿತು, ಐವತ್ಮೂರು ಐವತ್ಮೂರಾಗಿಯೇ ಇತ್ತು. ಹಗುರಾಗಬೇಕಿತ್ತು, ಆಗಲಿಲ್ಲ; ಓದಿ ಮುಗಿಸಿದವರು ಈಗ ಏನೋ ಯೋಚಿಸುತ್ತಿರಬಹುದು ಎನ್ನಿಸಿತು. ಮಂಗಳವಾರವೂ ನಾಲ್ಕು ಕಳೆಯಿತು. ನಾಲ್ಕೂ ಹತ್ತಕ್ಕೆ ವಿಭಾಗದ ಫೋನು ಬಡಿದುಕೊಂಡಿತು. ಭಂಡಾರಿ ಎತ್ತಿ, ಹೂಂಗುಟ್ಟಿ, ಅಂಗೈಯಿಂದ ಮುಚ್ಚಿ ಹುಬ್ಬು ಹಾರಿಸಿದರು. “ಲೇಖಕಿಯವರು ಬೇಕಂತೆ. ಬಾಮ್ಮಾ, ನಿನ್ನ ಗಿರಾಕಿ.”

“ನಮಸ್ಕಾರ,” ಎಂದಿತು ವಯಸ್ಸಾದ ಹೆಣ್ಣುದನಿ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿತ್ತು. “ಆಸ್ಪತ್ರೆ ಪ್ರಬಂಧ ಬರೆದವರು ನೀವೇನಾ?”

“ಹೂಂ.”

“ಸ್ವಲ್ಪ ಜೋರಾಗಿ ಮಾತಾಡಿ ತಾಯಿ. ಲೈನು ಚೆನ್ನಾಗಿಯೇ ಇದೆ, ನಿಮ್ಮ ದನಿ ಸಣ್ಣ.”

“ಹೌದು. ನಾನೇ.”

“ನಾನು ಹದಿನೇಳು.”

ಅವಳಿಗೆ ಅರ್ಥವಾಗಲಿಲ್ಲ.

“ನಿಮ್ಮ ಮೂರನೇ ಅಧ್ಯಾಯದಲ್ಲಿ ಬರ್ತೀನಲ್ಲ, ಹದಿನೇಳನೇ ನಂಬರು. ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ದ ಹೆಂಗಸು, ಕಾಯೋ ಹಾಲ್‌ನಲ್ಲಿ ಯಾರ ಫೋನ್ ರಿಂಗಾದ್ರೂ ಅವರ ಬಲಗೈ ಮಡಿಲಿಂದ ಎದ್ದು ಮತ್ತೆ ಕೂರುತ್ತೆ ಅಂತ ಬರೆದಿದ್ದೀರಲ್ಲ. ಅದು ನಾನೇ. ನಮ್ಮನೆಯವರನ್ನ ಒಳಗೆ ಮಲಗಿಸಿದ್ರು ಆಗ.”

ಹದಿನೇಳು ಅವಳಿಗೆ ಒಂದು ಕಾರ್ಡು, ಮೇಲಿನ ಮೂಲೆಯಲ್ಲಿ ಸ್ವಲ್ಪ ಮಡಿಕೆ ಬಿದ್ದ ಹಳದಿ ಕಾರ್ಡು.

“ಬೈಯೋಕೆ ಫೋನ್ ಮಾಡಿದ್ದಲ್ಲ, ಹೆದರಬೇಡಿ. ಒಂದು ವಿಷಯ ಕೇಳಬೇಕಿತ್ತು. ನನ್ನ ಮಗಳೂ ನಿಮ್ಮಲ್ಲೇ ಓದ್ತಿದ್ದಳು. ಈಗ ಇಲ್ಲ. ಅವಳು ಬರೆದಿದ್ದು ಏನಾದ್ರೂ ಸಿಗುತ್ತಾ ಅಂತ ನಿಮ್ಮ ಭಂಡಾರದಲ್ಲಿ ಹುಡುಕ್ತಾ ಇದ್ದೆ. ಅವಳ ಹೆಸರು ಸಿಗಲಿಲ್ಲ, ಇದು ಸಿಕ್ಕಿತು. ಆ ಮೂರು ಮಧ್ಯಾಹ್ನ ನನ್ನ ಪಕ್ಕ ಕೂತಿದ್ದವಳು ನನ್ನ ಮಗಳು ಅಂತಲೇ ನನ್ನ ನೆನಪು. ಮೊಣಕಾಲ ಮೇಲೆ ಕಾರ್ಡು ಇಟ್ಕೊಂಡು ಏನೋ ಗೀಚ್ತಾ ಇದ್ದಳು. ಏನೇ ಅದು ಅಂದ್ರೆ, ನಿನ್ನ ಬಗ್ಗೆ ಚಾಡಿ ಬರೀತಿದ್ದೀನಿ ಅಂದಳು. ಇಲ್ಲಿ ನೋಡಿದ್ರೆ, ‘ಮೂರು ಮಧ್ಯಾಹ್ನ ನಾನು ಅವರ ಪಕ್ಕ ಕೂತೆ’ ಅಂತ ನೀವು ಬರೆದಿದ್ದೀರಿ.”

ಭಂಡಾರಿಯ ಕೀಬೋರ್ಡಿನ ಸದ್ದು ನಿಂತಿತ್ತು.

“ದಿನಾ ಓದಿದೆ. ಎಲ್ಲಾದ್ರೂ ನಿಮ್ಮ ಮುಖ ನೆನಪಾಗುತ್ತಾ ಅಂತ. ಆಗಲಿಲ್ಲ. ನಿಮಗೆ ಮರೆವು ಶುರುವಾಗಿದೆ ಅತ್ತೆ ಅಂತ ಸೊಸೆ ಹೇಳ್ತಾನೇ ಇದ್ದಾಳೆ. ನಾನು ಒಪ್ಪಿರಲಿಲ್ಲ, ಜಗಳಾನೇ ಆಡಿದ್ದೆ. ಯೂನಿವರ್ಸಿಟಿಯವರು ಹಾಕಿರೋದು ಸುಳ್ಳಿರುತ್ತಾ? ಮೊನ್ನೆ ಓದೋದು ಬಿಟ್ಟೆ. ನನ್ನ ಚಪ್ಪಲಿ ಪಟ್ಟಿ ಕಿತ್ತು ಹೋದಾಗ ತಲೆಯಿಂದ ಪಿನ್ ತೆಗೆದು ಸಿಕ್ಕಿಸಿಕೊಟ್ಟೆ ಅಂತಾನೂ ಬರೆದಿದ್ದೀರಿ. ಆ ಚಪ್ಪಲಿ ಇಲ್ಲೇ ಇದೆ. ಪಿನ್ನೂ ಇದೆ. ನನ್ನ ಮಗಳದು ಅಂತ ಎತ್ತಿಟ್ಟಿದ್ದೆ.” ಈಗ ಅಕ್ಷರಗಳು ಅಷ್ಟು ಸ್ಪಷ್ಟವಾಗಿರಲಿಲ್ಲ. “ಅದು ನಿಮ್ಮದೇನಾ ತಾಯಿ? ಇದ್ರೆ ಇರಲಿ, ಬೇಜಾರಿಲ್ಲ. ಗೊತ್ತಾದ್ರೆ ಸಾಕು.”

ಬಾಯಿಗೆ ಒಂದು ಉತ್ತರ ಸಿದ್ಧವಾಗಿಯೇ ಬಂತು. ನಾವಿಬ್ಬರೂ ಇದ್ದೆವು, ಆ ಕಡೆ ಅಕ್ಕ, ಈ ಕಡೆ ನಾನು. ಎಷ್ಟು ಸುಲಭ. ಯಾರಿಗೂ ನೋವಿಲ್ಲ. ಪುಟ ಇದ್ದಲ್ಲೇ ಇರುತ್ತದೆ, ಸಂದರ್ಶನ ಮುಂದಿನ ವಾರ ಆಗುತ್ತದೆ. ಆ ಮುದುಕಿ ಮಾತ್ರ ಇವತ್ತಿನಿಂದ ತನ್ನ ಮಗಳ ಪಕ್ಕ ಯಾರೋ ಅಪರಿಚಿತಳನ್ನು ಕೂರಿಸಿಕೊಂಡು ನೆನಪು ಮಾಡಿಕೊಳ್ಳಬೇಕು. ಮುಖವಿಲ್ಲದ ಒಬ್ಬಳನ್ನು.

ಭಂಡಾರಿ ಕುರ್ಚಿಯನ್ನು ನಿಧಾನವಾಗಿ ಅವಳ ಕಡೆಗೆ ತಿರುಗಿಸಿದರು. ಎತ್ತರದ ಸಣ್ಣ ಕಿಟಕಿಯಾಚೆ, ನೆಲದ ಮಟ್ಟದಲ್ಲಿ, ಯಾರ್‍ಯಾರದೋ ಕಾಲುಗಳು ಗೇಟಿನ ಕಡೆ ಹೋಗುತ್ತಿದ್ದವು.

“ನಾನು ಆ ಆಸ್ಪತ್ರೆ ಒಳಗೆ ಬಂದೇ ಇಲ್ಲ ಅಮ್ಮಾ,” ಎಂದಳು. ಇಡೀ ಕೋಣೆಗೆ ಕೇಳುವಷ್ಟು ಜೋರಾಗಿತ್ತು ದನಿ. “ನಿಮ್ಮ ಪಕ್ಕ ಕೂತಿದ್ದು ನಿಮ್ಮ ಮಗಳೇ, ನಮ್ಮ ಅಕ್ಕ. ಅದನ್ನ ಬರೆದಿದ್ದೂ ಅಕ್ಕನೇ.”