ಮೊದಲ ಪಾಠದ ಎಳೆ

ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಅರ್ಧ ಜಾಗ ಅವ್ವನ ಮಗ್ಗಕ್ಕೆ, ಇನ್ನರ್ಧ ನನ್ನ ಹಾಳೆಗಳಿಗೆ. ೨೦೦೪ರಲ್ಲಿ, ಇತಿಹಾಸವನ್ನು ಹೊಸದಾಗಿ ಓದುವವರಿಗೆಂದು ನಾನೊಂದು ಪುಸ್ತಕ ಬರೆಯುತ್ತಿದ್ದೆ. ಆದಿಮಾನವನಿಂದ ಶುರುವಾಗುವ ಮೊದಲ ಪಾಠವನ್ನು ಓದಿ ಹೇಳಿದಾಗಲೆಲ್ಲ ಅವ್ವ ಆಕಳಿಸುತ್ತಿದ್ದಳು.

"ಆಕಳಸಬ್ಯಾಡ! ನಿನ್ನಂಥವ್ರು ಓದ್ಲಿ ಅಂತನ ಬರದೀನಿ," ಎಂದು ಒಂದು ದಿನ ರೇಗಿದೆ.

"ಆ ಕಲ್ಲ ಹಿಡಕೊಂಡು ತಿರಗಾಂವ ನಮಗೇನ ಆಗಬೇಕು? ಸುಮ್ನ ಬಂದು ಎಳಿ ಕೊಡು," ಎಂದಳು ಅವ್ವ.

ಮಗ್ಗದ ಮೇಲಿನ ಸೀರೆ ಮುಗಿದಿತ್ತು. ನಾವು ಹಳೆಯ ಎಳೆಗಳನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಒಂದೊಂದಕ್ಕೂ ಹೊಸ ಎಳೆಯನ್ನು ಹೊಸೆದು ಕೂಡಿಸುತ್ತೇವೆ. ಅವ್ವ ಬೂದಿ ಹಚ್ಚಿದ ಬೆರಳಿನಿಂದ ಹೊಸೆಯುತ್ತಿದ್ದಳು, ನಾನು ಎಳೆ ಕೊಡುತ್ತಿದ್ದೆ. ಕೊಡುತ್ತಾ ಕೊಡುತ್ತಾ ನನ್ನ ಮೇಲೇ ಸಿಟ್ಟು ಬಂತು. ನನ್ನ ಪಾಠವನ್ನು, ಓದುವವರಿಗೆ ಮೊದಲೇ ಗೊತ್ತಿರುವ ಯಾವ ತುದಿಗೂ ನಾನು ಕೂಡಿಸಿಯೇ ಇರಲಿಲ್ಲ.

ಆದಿಮಾನವನನ್ನು ಎರಡನೆಯ ಪಾಠಕ್ಕೆ ದೂಡಿ, ಮೊದಲನೆಯದನ್ನು ಹೊಸದಾಗಿ ಬರೆದೆ. ಮರುದಿನ ಅವ್ವ ನೇಯುತ್ತಿದ್ದಾಗ ಓದಿದೆ: "ನಿಮ್ಮ ಅಜ್ಜಿಯ ಹೆಸರೇನು? ಆಕೆ ಈ ಊರಿಗೆ ಎಲ್ಲಿಂದ ಬಂದಳು? ಇತಿಹಾಸ ಅಲ್ಲಿಂದ ಶುರುವಾಗುತ್ತದೆ."

ಲಾಳಿ ನಿಂತಿತು.

"ಸಾವಂತ್ರವ್ವ," ಎಂದಳು ಅವ್ವ. "ಸವಡಿಯಿಂದ ನಡಕೋತ ಬಂದಾಕಿ. ತಲಿ ಮ್ಯಾಲ ರಾಟಿ ಹೊತ್ಕೊಂಡು."

ಆ ಹೆಸರನ್ನು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಹಾಳೆ ಹಿಡಿದು ಅವಳ ಮುಖವನ್ನೇ ನೋಡಿದೆ.

"ನನ್ನ ಬಾಯಿ ಏನ ನೋಡ್ತಿ?" ಅವ್ವ ಗದರಿದಳು. "ಬರಕೊ!"