ಕೀಲಿಗಳೆಲ್ಲ ಹಾಜರಿರಬೇಕು

ವಿಮಾ ಕಚೇರಿಯ ಮುಖ್ಯಾಧಿಕಾರಿಯನ್ನು ಕೈಕೆಳಗಿನವರು ಬೆನ್ನ ಹಿಂದೆ ‘ಷರತ್ತು ಸಾಹೇಬರು’ ಎಂದು ಕರೆಯುತ್ತಿದ್ದರು. ಪರಿಹಾರ ಕೇಳಿಕೊಂಡು ಬಂದವರನ್ನು ಯಾವ ಷರತ್ತು ತೋರಿಸಿ ಬರಿಗೈಲಿ ಕಳಿಸಬಹುದು ಎಂಬುದನ್ನು ಅವರು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಮನೆಯಲ್ಲೂ ಅದೇ ದರ್ಬಾರು. ಕಾರಿನ ವಿಷಯಕ್ಕೆ ಬಂದರಂತೂ ಕೇಳುವುದೇ ಬೇಡ. ಬಾಗಿಲು ಹಾಕುವಾಗ ಸದ್ದಾಗಬಾರದು, ಗಾಜಿಗೆ ಬೆರಳು ತಾಗಬಾರದು, ಒಳಗೆ ತಿನ್ನುವ ಕುಡಿಯುವ ಮಾತೇ ಇಲ್ಲ. ಇದ್ದ ಎರಡು ಕೀಲಿಗಳಲ್ಲಿ ಒಂದು ಅವರ ಜೇಬಿನಲ್ಲಿ, ಇನ್ನೊಂದು ಅವರ ಕಪಾಟಿನಲ್ಲಿ. ಕಪಾಟಿನ ಕೀಲಿ ಮತ್ತೆ ಅವರ ಜೇಬಿನಲ್ಲೇ. ದಿನಾ ಕಚೇರಿಗೆ ಹೋಗಲು ಜೀಪು ಬರುತ್ತಿದ್ದುದರಿಂದ ಕಾರು ಹೊರಬರುತ್ತಿದ್ದುದು ಭಾನುವಾರ, ಇಲ್ಲವೇ ಮೇಲಧಿಕಾರಿಗಳು ಬರುವ ದಿನ. ಉಳಿದ ದಿನಗಳಲ್ಲಿ ಅದು ಹೊದಿಕೆ ಹೊದ್ದು ಶೆಡ್ಡಿನಲ್ಲಿ ಮಲಗಿರುತ್ತದೆ ಎಂದು ಸಾಹೇಬರು ನಂಬಿದ್ದರು. ಪೆಟ್ರೋಲು ಮಾತ್ರ ಬೇಗ ಖಾಲಿಯಾಗುತ್ತಿತ್ತು. ಅಳತೆಯಲ್ಲಿ ಮೋಸ ಎಂದು ಬಂಕಿನವನ ಜನ್ಮ ಜಾಲಾಡಿ ಬಂದಿದ್ದರು.

ಇಂಥ ಕಾರಿಗೆ ಇದ್ದಕ್ಕಿದ್ದಂತೆ ತಲೆ ಕೆಟ್ಟಿತು. ಸುಡುಬಿಸಿಲಿನಲ್ಲಿ ವೈಪರ್‌ಗಳು ತಾವಾಗಿಯೇ ಗಾಜು ಒರೆಸತೊಡಗಿದವು. ಟ್ರಾಫಿಕ್ ಪೊಲೀಸನ ಬೆನ್ನಿಗೇ ನಿಂತು ಹಾರ್ನು ಬಡಿದುಕೊಂಡಿತು. ಕೊನೆಗೆ, ಮೇಲಧಿಕಾರಿಗಳು ಬರುವ ದಿನ, ಕಚೇರಿಯ ಅಂಗಳದಲ್ಲಿ ನಾಲ್ಕೂ ಬಾಗಿಲು ಲಾಕಾಗಿ ಸಾಹೇಬರು ಒಳಗೆ ಸಿಕ್ಕಿಕೊಂಡರು. ಗಾಜು ಇಳಿಯಲಿಲ್ಲ. ಬಡಿದುಕೊಳ್ಳಬೇಕಾದ ಹೊತ್ತಿನಲ್ಲಿ ಹಾರ್ನು ಬಾಯಿ ಬಿಡಲಿಲ್ಲ. ಸಾಹೇಬರು ಮುಷ್ಟಿಯಿಂದ ಗಾಜು ಗುದ್ದಿ, ಮುಖ ಕೆಂಪಗೆ ಮಾಡಿಕೊಂಡು ಕೂಗಿದರು. ಗುಮಾಸ್ತರು ನೋಡಿದರು. ಮಾತು ಕೇಳಿಸದಿದ್ದರೂ ಮುಖ ಪರಿಚಿತವೇ. ದಿನವೂ ಬೈಯುವಾಗ ಹೀಗೇ ಇರುತ್ತದಲ್ಲ! “ಆಗ್ಲಿ ಸಾರ್, ಇವತ್ತೇ ಮುಗಿಸ್ತೀವಿ” ಎಂದು ಕೈಮುಗಿದು ಒಳಗೆ ಹೋದರು. ಜೀಪಿನ ಚಾಲಕ ಬಂದು ಡಿಕ್ಕಿಯ ಕಡೆಯಿಂದ ಅವರನ್ನು ಎಳೆದು ತೆಗೆಯುವಷ್ಟರಲ್ಲಿ ಮೇಲಧಿಕಾರಿಗಳು ಬಂದು ನಿಂತಿದ್ದರು. ಅವರನ್ನು ಸಾಹೇಬರು ಸ್ವಾಗತಿಸಿದ್ದು ಕಾಲು ಮುಂದಾಗಿ.

ಮರುದಿನ ರಜೆ ಹಾಕಿ, ಮನೆಗೆ ಹತ್ತಿರದ ಗ್ಯಾರೇಜಿಗೆ ಕಾರು ಎಳೆಸಿಕೊಂಡು ಹೋದರು. ಅಲ್ಲಿನ ಎಲೆಕ್ಟ್ರಿಷಿಯನ್ ತಂಪು ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಓಡಾಡುವ ಆಸಾಮಿ. ಕಾರನ್ನು ‘ಪೇಷೆಂಟು’ ಎನ್ನುತ್ತಿದ್ದ, ತನ್ನನ್ನು ಡಾಕ್ಟರೆಂದು ಕರೆದರೆ ಬೇಡ ಎನ್ನುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ಬಿಚ್ಚಿ ತಂದ.

“ಇದು ಕಂಟ್ರೋಲ್ ಮಾಡ್ಯೂಲು. ಲೈಟು, ಲಾಕು, ಹಾರ್ನು ಎಲ್ಲಾ ಇದರ ಮಾತು ಕೇಳ್ತವೆ. ಪೇಷೆಂಟ್ ಮೆದುಳು ಅಂದ್ಕೊಳ್ಳಿ. ಕೆಟ್ಟುಹೋಗಿದೆ. ಹೊಸದೇ ಹಾಕ್ಬೇಕು.”

“ಯಾಕೆ ಕೆಡುತ್ತೆ? ನಾನು ಇದನ್ನ ಕಣ್ಣಿನ ಗೊಂಬೆ ಥರ ನೋಡ್ಕೊಂಡಿದ್ದೀನಿ.”

ಎಲೆಕ್ಟ್ರಿಷಿಯನ್ ಡಬ್ಬಿಯ ಮುಚ್ಚಳ ತೆಗೆದು ಅವರ ಮೂಗಿನ ಕೆಳಗೆ ಹಿಡಿದ. ಹಸಿರು ಹಲಗೆಯ ಮೇಲೆ ಒಣಗಿದ ಅಂಟು. ಅಂಟಿನ ಸುತ್ತ ಸತ್ತ ಇರುವೆಗಳು. “ಐಸ್‌ಕ್ರೀಮು. ಕರಗಿ ಒಳಗಿಳಿದಿದೆ. ವಾಸನೆ ನೋಡಿದ್ರೆ ಸ್ಟ್ರಾಬೆರಿ.”

“ನನ್ನ ಕಾರಲ್ಲಿ ಐಸ್‌ಕ್ರೀಮಾ! ಸಾಧ್ಯನೇ ಇಲ್ಲ.”

“ಇರುವೆಗಳನ್ನೇ ಕೇಳಿ,” ಎಂದ ಆತ. “ಅದಿರಲಿ. ಹೊಸ ಮಾಡ್ಯೂಲಿಗೆ ಎಲ್ಲಾ ಕೀಲಿಗಳನ್ನೂ ಒಂದೇ ಸಲಕ್ಕೆ ಪರಿಚಯ ಮಾಡಿಸ್ಬೇಕು. ಇವತ್ತು ಹಾಜರಿಲ್ಲದ ಕೀಲಿ ಬರೀ ಕಬ್ಬಿಣ. ಎಲ್ಲಾ ತಂದಿದ್ದೀರಾ?”

ಸಾಹೇಬರು ಎರಡನ್ನೂ ಮೇಜಿನ ಮೇಲಿಟ್ಟರು.

“ಎರಡೇನಾ?” ಎಂದು ಆತ ರಾಗ ಎಳೆದ.

“ಎರಡೇ. ಇನ್ನೆಷ್ಟಿರ್ಬೇಕು?”

ಆತ ಕಂಪ್ಯೂಟರಿನ ಮುಂದೆ ಕೂತ. ಹೊಸ ಮಾಡ್ಯೂಲು ಚಾಲೂ ಆಗಲು ಕಂಪನಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆಯ ಸಂಖ್ಯೆ ಕಾರಿನ ಮಾಲೀಕರ ಫೋನಿಗೆ ಹೋಗುತ್ತದೆ. ಸಾಹೇಬರು ತಮ್ಮ ಫೋನು ಹಿಡಿದು ಕಾದರು. ಅದು ಸುಮ್ಮನಿತ್ತು.

“ಮಾಲೀಕರು ಹೆಂಗಸು ಅಂತಿದೆ, ಸಾರ್.”

ಆಗ ನೆನಪಾಯಿತು. ಹೆಂಗಸರ ಹೆಸರಿನಲ್ಲಿ ಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಇತ್ತೆಂದು ಹೆಂಡತಿಯ ಕೈಲಿ ಸಹಿ ಹಾಕಿಸಿದ್ದರು. ಆಮೇಲೆ ಅದನ್ನು ಅಷ್ಟೇ ಅಚ್ಚುಕಟ್ಟಾಗಿ ಮರೆತಿದ್ದರು. ಗಂಟಲು ಸರಿಪಡಿಸಿಕೊಂಡು ಮನೆಗೆ ಫೋನು ಮಾಡಿದರು. “ನಿನ್ ಫೋನಿಗೆ ಏನೋ ನಂಬರ್ ಬಂದಿರುತ್ತೆ, ಓದು. ಬೇಗ. ಕೀಲಿಗಳನ್ನ ಹೊಸದಾಗಿ ಸೇರಿಸ್ತಾರಂತೆ, ಇಲ್ಲಿಲ್ಲದ್ದು ಸತ್ತೇಹೋಗುತ್ತಂತೆ. ನಮ್ಮದೇನು, ಎರಡೂ ನನ್ ಹತ್ರಾನೇ ಇವೆ.”

ಆ ಕಡೆಯಿಂದ ಹೆಂಡತಿ ಹೇಳಿದಳು: “ಓದಲ್ಲ. ನಾನೇ ಬರ್ತೀನಿ.”

ಬಂದದ್ದು ಅವಳೊಬ್ಬಳೇ ಅಲ್ಲ. ಆಟೋದಿಂದ ಮೊದಲು ಮಗಳು ಇಳಿದಳು, ಆಮೇಲೆ ಹೆಂಡತಿ. ಇಬ್ಬರೂ ಸೇರಿ ಕೈಹಿಡಿದು ಇಳಿಸಿದ್ದು ಸಾಹೇಬರ ತಾಯಿಯನ್ನು. ಮೊಣಕಾಲು ನೋವೆಂದು ಗೇಟು ದಾಟದ ಮುದುಕಿ ಎಂದೇ ಮಗ ತಿಳಿದಿದ್ದ ಆಕೆ ಕೋಲೂರಿಕೊಂಡು ನೇರ ಒಳಗೆ ಬಂದಳು.

“ಬನ್ನಿ ಅಜ್ಜಿ,” ಎಂದು ಎಲೆಕ್ಟ್ರಿಷಿಯನ್ ಕುರ್ಚಿ ಎಳೆದ. “ನಿಮ್ ಕೀಲಿ ಬಟನ್ನು ಗಟ್ಟಿ ಅಂತಿದ್ರಲ್ಲ, ಈಗ ಸಡಿಲ ಆಯ್ತಾ?”

ಮುದುಕಿ ಸೊಂಟದ ಸಂಚಿಯಿಂದ ಕಾರಿನ ಕೀಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹೆಂಡತಿ ತನ್ನದನ್ನಿಟ್ಟಳು. ಮಗಳ ಕೀಲಿಗೆ ಸಣ್ಣ ಗೆಜ್ಜೆ ಬೇರೆ ಕಟ್ಟಿತ್ತು.

ಸಾಹೇಬರು ಮೇಜಿನ ಮೇಲಿನ ಕೀಲಿಗಳನ್ನು ಎರಡೆರಡು ಸಲ ಎಣಿಸಿದರು. “ಯಾವಾಗ ಮಾಡಿಸಿದ್ರಿ?”

“ನಿಮಗೆ ಜ್ವರ ಬಂದು ಮಲಗಿದ್ರಲ್ಲ, ಆವಾಗ,” ಎಂದಳು ಹೆಂಡತಿ. “ನಾನೂ ಇವಳೂ ಡ್ರೈವಿಂಗ್ ಕಲಿತು ಎಷ್ಟೋ ದಿನ ಆಯ್ತು.”

“ಸರಿ, ನಿಮಗಿಬ್ಬರಿಗೆ ಓಡಿಸೋಕೆ ಬರುತ್ತೆ. ಅಮ್ಮಂಗ್ಯಾಕೆ ಕೀಲಿ?”

“ನಾನೆಲ್ಲಿ ಓಡಿಸ್ತೀನಪ್ಪಾ,” ಎಂದಳು ತಾಯಿ. “ನೀನು ಮನೇಲಿರುವಾಗ ಹೋಗಿ ಸುಮ್ಮನೆ ಒಳಗೆ ಕೂತ್ಕೋತೀನಿ. ಬಾಗಿಲು ಹಾಕ್ಕೊಂಡ್ರೆ ನಿನ್ ಮಾತು ಕೇಳಿಸಲ್ಲ. ಸುಖವಾಗಿರುತ್ತೆ.” ಸ್ವಲ್ಪ ಯೋಚಿಸಿ ಸೇರಿಸಿದಳು: “ಐಸ್‌ಕ್ರೀಮು ಚೆಲ್ಲಿದ್ದೂ ನಾನೇ. ಮುದಿಕೈ, ನಡುಗುತ್ತೆ.”

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಎದುರಿಗೆ ನಿಂತವರಲ್ಲಿ ಒಬ್ಬರೂ ಹೆದರಿದಂತೆ ಕಾಣಲಿಲ್ಲ. ಹೆದರದವರ ಮುಂದೆ ಕೂಗಿ ಅಭ್ಯಾಸವಿಲ್ಲದ್ದರಿಂದ ದನಿ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. “ನನ್ನ ಎರಡು ಮಾತ್ರ ಸೇರಿಸ್ರೀ. ಈ ಮೂರನ್ನ ಕಸಕ್ಕೆ ಹಾಕಿ,” ಎಂದರು.

ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. “ಅದನ್ನ ಮಾಲೀಕರು ಹೇಳ್ಬೇಕು, ಸಾರ್.”

ಎಲ್ಲರೂ ಹೆಂಡತಿಯ ಕಡೆ ತಿರುಗಿದರು. ಅವಳು ಆತುರ ಪಡಲಿಲ್ಲ. ಕೀಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅತ್ತೆಯದನ್ನು ಮುಂದಕ್ಕೆ ತಳ್ಳಿದಳು, ಮಗಳದನ್ನು ತಳ್ಳಿದಳು, ತನ್ನದನ್ನು ತಳ್ಳಿದಳು. ಗಂಡನ ಎರಡು ಕೀಲಿಗಳ ಮುಂದೆ ಬೆರಳು ನಿಂತಿತು.

“ಒಂದು ಕೀಲಿಗೆ ಕಡಿವಾಣ ಹಾಕೋ ಸೌಕರ್ಯನೂ ಇದೆ, ಅಕ್ಕ,” ಎಂದ ಎಲೆಕ್ಟ್ರಿಷಿಯನ್ ಉತ್ಸಾಹದಿಂದ. “ಆ ಕೀಲೀಲಿ ಕಾರು ಜೋರಾಗಿ ಓಡಲ್ಲ. ಹೊಸದಾಗಿ ಕಲಿಯೋ ಮಕ್ಕಳಿಗೆ ಅಂತ ಇಟ್ಟಿರೋದು.”

“ಅಪ್ಪಂದಕ್ಕೆ ಹಾಕಮ್ಮ!” ಎಂದು ಮಗಳು ಕಿಸಕ್ಕನೆ ನಕ್ಕಳು.

“ಪಾಪ, ಬೇಡ,” ಎಂದಳು ಹೆಂಡತಿ. ಒಂದನ್ನು ಮುಂದಕ್ಕೆ ತಳ್ಳಿದಳು. “ಅವರಿಗೆ ಒಂದು ಸಾಕು. ಎರಡು ಕೀಲೀಲಿ ಒಟ್ಟಿಗೆ ಓಡಿಸ್ತಾರಾ?”

ಆ ‘ಪಾಪ’ ಸಾಹೇಬರನ್ನು ಚುಚ್ಚಿದಷ್ಟು ಬೇರಾವ ಮಾತೂ ಚುಚ್ಚಲಿಲ್ಲ. ಉಳಿದ ಕೀಲಿಯನ್ನು ಎಲೆಕ್ಟ್ರಿಷಿಯನ್ ಕಸದ ಡಬ್ಬಿಗೆಸೆದ, ಟಣ್ ಎಂದಿತು.

ಕೆಲಸ ಮುಗಿದು ಹೊರಡುವಾಗ ಹೆಂಡತಿ ಸ್ಟಿಯರಿಂಗ್ ಹಿಡಿದಳು. ಮುಂದಿನ ಸೀಟು ಕಾಲು ಚಾಚಲು ಬೇಕೆಂದು ತಾಯಿ ಅಲ್ಲಿ ಕೂತಳು. ಸಾಹೇಬರು ಹಿಂದೆ, ಮಗಳ ಪಕ್ಕದಲ್ಲಿ. ತಿರುವಿನಲ್ಲಿ “ನಿಧಾನ” ಎನ್ನಬೇಕೆಂದುಕೊಂಡರು. ಅವಳು ಆಗಲೇ ನಿಧಾನ ಮಾಡಿದ್ದಳು. ಹೇಳಲು ಏನೂ ಉಳಿಯದಂತೆ ಓಡಿಸುತ್ತಿದ್ದಳು.

ಬೀದಿಯ ಮೂಲೆಯ ಹಣ್ಣಿನಂಗಡಿಯವಳು ಕಾರು ನಿಂತದ್ದು ಕಂಡು ಎದ್ದು ಬಂದಳು. “ಏನಜ್ಜಿ, ಎರಡು ದಿನದಿಂದ ಪತ್ತೇನೇ ಇಲ್ಲ?” ಎಂದು ಮುದುಕಿಯ ಕೈಗೆ ದ್ರಾಕ್ಷಿ ಗೊಂಚಲಿಟ್ಟು, ಹಿಂದಕ್ಕೆ ಬಗ್ಗಿ ನೋಡಿದಳು. “ಇವರ್ಯಾರು? ಹೊಸಬ್ರು ಕಾಣ್ತಾರೆ.”

“ನಮ್ಮನೆಯವರು,” ಎಂದಳು ಹೆಂಡತಿ ಗೇರು ಬದಲಿಸುತ್ತ.

ಹಣ್ಣಿನಂಗಡಿಯವಳು ನಮಸ್ಕಾರ ಮಾಡಿದಳು. ಸಾಹೇಬರು ಏನು ಮಾಡಬೇಕೆಂದು ತೋಚದೆ, ಹೊಸದಾಗಿ ಪರಿಚಯವಾದವರಂತೆ ತಾವೂ ಕೈಮುಗಿದರು.